ಹಿಂದಿನ ಶಿಲ್ಕು ಮತ್ತು ಅಕ್ಕನ ಸಿ.ಡಿ.

ಊರು ಬಿಟ್ಟು ಬಂದವರ ಮನೆಯಲ್ಲಿ ಒಂದು ಡಬ್ಬಿ ಇದ್ದೇ ಇರುತ್ತೆ. ಕೆಲವರ ಮನೆಯಲ್ಲಿ ಬಿಸ್ಕೀಟಿನ ಡಬ್ಬಿ, ಕೆಲವರಲ್ಲಿ ಸೀರೆ ಬಂದ ರಟ್ಟಿನ ಪೆಟ್ಟಿಗೆ. ಒಳಗೆ ಸಿ.ಡಿ.ಗಳು. ಮೇಲೆ ಮಾರ್ಕರ್ ಪೆನ್ನಿನಲ್ಲಿ 'ಮದುವೆ', 'ಗೃಹಪ್ರವೇಶ', 'ಜಾತ್ರೆ 2003' ಅಂತ ಬರೆದಿರುತ್ತೆ. ವಾಟ್ಸಾಪ್ ಬರೋದಕ್ಕೆ ಮುಂಚೆ, ಸುಮಾರು ಹತ್ತು ವರ್ಷ, ನಮಗೆಲ್ಲ ಊರು ಬರ್ತಿದ್ದದ್ದೇ ಹೀಗೆ. ರಜೆ ಸಿಗದೆ ತಪ್ಪಿದ ಮದುವೆ, ಮುಂಜಿ, ತೊಟ್ಟಿಲು ಎಲ್ಲವೂ ಊರಿಂದ ಬರೋ ಯಾರದ್ದೋ ಬ್ಯಾಗಿನಲ್ಲಿ, ಚಟ್ನಿಪುಡಿ ಪೊಟ್ಟಣದ ಪಕ್ಕ ಕೂತು ಪುಣೆಗೆ ಬಂದಿಳೀತಿತ್ತು. ಎಷ್ಟೋ ಸಿ.ಡಿ.ಗೆ ಇಂಗಿನ ವಾಸನೆ ಇರ್ತಿತ್ತು :-)

ಈಗ ಮನೆಯಲ್ಲಿರೋ ಯಾವ ಲ್ಯಾಪ್‌ಟಾಪಿಗೂ ಸಿ.ಡಿ. ಹಾಕೋ ಬಾಯಿಲ್ಲ. ಡಬ್ಬಿ ಮಾತ್ರ ಕಪಾಟಿನ ಮೇಲೆ ಹಾಗೇ ಇದೆ. ಆ ಡಬ್ಬಿಯ ಬಗ್ಗೆ ಗೊತ್ತಿರಬೇಕಾದ ಒಂದು ವಿಷಯ ಇದೆ. ಸಿ.ಡಿ. ಹಾಕಿದಾಗ ಕಂಪ್ಯೂಟರ್ ಏನು ತೋರಿಸುತ್ತೋ ಅಷ್ಟೇ ಅದರಲ್ಲಿ ಇರೋದು ಅಂತ ನಾವು ನಂಬ್ತೀವಿ. ಎಷ್ಟೋ ಸಲ ಅದು ನಿಜ ಇರಲ್ಲ.

2024ರ ದೀಪಾವಳಿಗೆ ಗದಗದಿಂದ ಅಕ್ಕ ಬಂದಿದ್ದಳು. ಬರುವಾಗ ಒಂದು ಸಿ.ಡಿ. ತಂದಿದ್ದಳು, ಹಳೇ ಪಂಚಾಂಗದ ಹಾಳೆಯಲ್ಲಿ ಸುತ್ತಿ.

"ತಮ್ಮಾ, ಇದರಾಗ ಅಪ್ಪನ ಭೀಮರಥ ಶಾಂತಿ ಫೋಟೋ ಇದ್ವು. ಸ್ಟುಡಿಯೋದಾಂವ ಎಲ್ಲಾ ಅಳಿಸಿಬಿಟ್ಟಾನ. ನೀ ಕಂಪ್ಯೂಟರ್‌ದಾಂವ, ಏನರ ಆಗ್ತದೇನು ನೋಡು" ಅಂದಳು.

ಕಥೆ ಇಷ್ಟು. 2004ರಲ್ಲಿ ಅಪ್ಪನಿಗೆ ಎಪ್ಪತ್ತು ತುಂಬಿತು. ಕಂಪನಿ ಕೆಲಸದ ಮೇಲೆ ನಾನು ಆಗ ಸಿಂಗಾಪುರದಲ್ಲಿದ್ದೆ. ಶಾಂತಿಯ ಫೋಟೊಗಳನ್ನೂ, ಭಾವನ ಡಿಜಿಟಲ್ ಕ್ಯಾಮೆರಾದಲ್ಲಿ ಹಿಡಿದ ಒಂದೆರಡು ಚಿಕ್ಕ ವಿಡಿಯೋಗಳನ್ನೂ ಊರಿನ ಒಂದು ಸ್ಟುಡಿಯೋದಲ್ಲಿ ಸಿ.ಡಿ. ಮಾಡಿಸಿದರು. 2006ರಲ್ಲಿ ಅಕ್ಕನ ಮೊಮ್ಮಗನ ತೊಟ್ಟಿಲು. "ಇನ್ನೂ ಜಾಗಾ ಅದ ಅಲ್ಲಾ, ಇದರಾಗನ ಹಾಕ್ಕೊಡ್ರಿ" ಅಂತ ಅಕ್ಕ ಅದೇ ಸಿ.ಡಿ. ಕೊಟ್ಟಳು. 2007ರಲ್ಲಿ ಅಪ್ಪ ಹೋದರು. 2008ರಲ್ಲಿ ಅಕ್ಕನ ಹೊಸ ಮನೆ ಗೃಹಪ್ರವೇಶ, ಮತ್ತೆ ಅದೇ ಸಿ.ಡಿ. ಅದಾದ ಮೇಲೆ ಹಾಕಿ ನೋಡಿದರೆ ಗೃಹಪ್ರವೇಶ ಒಂದೇ ಇದೆ. ತೊಟ್ಟಿಲೂ ಇಲ್ಲ, ಅಪ್ಪನೂ ಇಲ್ಲ. ಅಕ್ಕ ಸ್ಟುಡಿಯೋದವನ ಹತ್ತಿರ ಜಗಳಾಡಿದಳು. ಅವನು ನಾನು ಅಳಿಸಿಲ್ಲ ಅಂದ. ಆ ಹೊತ್ತಿಗೆ ಬೇರೆ ಪ್ರತಿ ಯಾರ ಹತ್ತಿರವೂ ಇರಲಿಲ್ಲ, ಕ್ಯಾಮೆರಾದ ಕಾರ್ಡು ಎಂದೋ ಖಾಲಿ ಮಾಡಿಯಾಗಿತ್ತು. ಹದಿನಾರು ವರ್ಷ ಅಕ್ಕ ಆ ಅಂಗಡಿ ಮೆಟ್ಟಿಲು ಹತ್ತಿರಲಿಲ್ಲ.

ಸಿ.ಡಿ. ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಬರೆದ ಭಾಗ, ಬರೆಯದ ಭಾಗ ಎರಡರ ಬಣ್ಣ ಬೇರೆ ಬೇರೆ ಕಾಣುತ್ತೆ, ನೀವೂ ಗಮನಿಸಿರಬಹುದು. ಇದರಲ್ಲಿ ಬರೆದ ಭಾಗದ ನಡುವೆ ಎರಡು ತೆಳು ಉಂಗುರಗಳು ಕಂಡವು. ಅಂದರೆ ಮೂರು ಪಟ್ಟಿ. ಸ್ಟುಡಿಯೋದವನು ಹೇಳಿದ್ದು ನಿಜ ಇರಬಹುದು ಅಂತ ಅಲ್ಲೇ ಅನ್ನಿಸಿತು. ಅದು ಸಿ.ಡಿ.-ಆರ್. ಅದರ ಬಣ್ಣದ ಪದರವನ್ನು ಲೇಸರ್ ಒಮ್ಮೆ ಸುಟ್ಟರೆ ಮುಗೀತು, ಮತ್ತೆ ಅಳಿಸಿ ಬರೆಯೋಕೆ ಆಗಲ್ಲ. ಅಳಿಸಿ ಬರೆಯೋ ಜಾತಿ ಸಿ.ಡಿ.-ಆರ್‌ಡಬ್ಲ್ಯೂ, ಅದೇ ಬೇರೆ.

ಹಾಗಾದರೆ ಅಪ್ಪ ಎಲ್ಲಿ ಹೋದರು? ಇದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು, ಬೇಜಾರು ಮಾಡ್ಕೋಬೇಡಿ.

ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಹಾಡು ಮಾತ್ರ ಇತ್ತು. ಒಂದೇ ಸಲ ಕಾರ್ಖಾನೆಯಲ್ಲಿ ಅಚ್ಚಾಗಿ ಬರ್ತಿತ್ತು. ಒಳಗಿನ ಅಂಚಿನಲ್ಲಿ 'ಲೀಡ್-ಇನ್' ಅಂತ ಒಂದು ಭಾಗ. ಯಾವ ಟ್ರ್ಯಾಕ್ ಎಲ್ಲಿ ಶುರು ಅನ್ನೋ ವಿಷಯಸೂಚಿ ಅಲ್ಲಿರುತ್ತೆ. ನಂತರ ಹಾಡುಗಳು. ಕೊನೆಗೆ ಇಲ್ಲಿಗೆ ಮುಗೀತು ಅಂತ ಹೇಳೋ 'ಲೀಡ್-ಔಟ್'. ಈ ಮೂರೂ ಸೇರಿದರೆ ಒಂದು ಸೆಷನ್. ಸಿ.ಡಿ. ಒಳಗಿನಿಂದ ಹೊರಗೆ ಸುರುಳಿಯಾಗಿ ಹೋಗುತ್ತೆ, ಗ್ರಾಮಫೋನ್ ತಟ್ಟೆಗೆ ಉಲ್ಟಾ.

ಮನೆಯಲ್ಲೇ ಬರೆಯೋ ಸಿ.ಡಿ. ಬಂದಾಗ ಹೊಸ ಪ್ರಶ್ನೆ ಬಂತು. ಇವತ್ತು ಅರ್ಧ ಬರೆದು ಮುಂದಿನ ವರ್ಷ ಇನ್ನರ್ಧ ಬರೆಯೋದು ಹೇಗೆ? ಈ ಪ್ರಶ್ನೆಗೆ ಮೊದಲು ದೊಡ್ಡದಾಗಿ ಉತ್ತರ ಬೇಕಾಗಿದ್ದು ಫೋಟೊದವರಿಗೇ. ಕೊಡಾಕ್ 1992ರಲ್ಲಿ ಫೋಟೊ ಸಿ.ಡಿ. ತಂದಿತು. ಗಿರಾಕಿ ಒಂದು ರೋಲ್ ತೊಳೆಸಿದಾಗ ಆ ಚಿತ್ರಗಳು ಡಿಸ್ಕಿಗೆ ಹೋಗ್ತವೆ, ಮುಂದಿನ ರೋಲ್ ತೊಳೆಸಲು ಬಂದಾಗ ಅದೇ ಡಿಸ್ಕ್ ತಂದರೆ ಅದರ ಮುಂದೆ ಸೇರ್ತವೆ. ಒಂದು ಡಿಸ್ಕಿನಲ್ಲಿ ಸುಮಾರು ನೂರು ಚಿತ್ರ. ನಮ್ಮ ಅಕ್ಕ ಗದಗದಲ್ಲಿ ಮಾಡಿದ್ದೂ ಇದನ್ನೇ ತಾನೆ? ಇದಕ್ಕಾಗಿ ಒಂದೇ ಡಿಸ್ಕಿನ ಮೇಲೆ ಹಲವು ಸೆಷನ್, ಪ್ರತಿಯೊಂದಕ್ಕೂ ತನ್ನದೇ ಲೀಡ್-ಇನ್, ಲೀಡ್-ಔಟ್. ಆ ಕಾಲದ ಹಳೇ ಡ್ರೈವುಗಳಿಗೆ ಮೊದಲ ಸೆಷನ್ ಮಾತ್ರ ಗೊತ್ತಾಗ್ತಿತ್ತು. ಗಿರಾಕಿ ಎರಡನೇ ರೋಲ್ ಹಾಕಿಸಿಕೊಂಡು ಬಂದರೂ ಮನೆಯ ಡ್ರೈವಿನಲ್ಲಿ ಮೊದಲ ರೋಲೇ ಕಾಣ್ತಿತ್ತು. ಹಾಗಾಗಿ ಡ್ರೈವ್ ಮಾರೋರು ಪೆಟ್ಟಿಗೆ ಮೇಲೆ 'ಮಲ್ಟಿಸೆಷನ್' ಅಂತ ದೊಡ್ಡದಾಗಿ ಅಚ್ಚು ಹಾಕ್ತಿದ್ದರು.

ಇದಕ್ಕೆ ಬೆಲೆ ತೆರಬೇಕು. ಸಿ.ಡಿ.ಯಲ್ಲಿ ಒಂದು ಸೆಕ್ಟರ್ ಅಂದರೆ 2048 ಬೈಟ್. 80 ನಿಮಿಷದ ಡಿಸ್ಕಿಗೆ 3,60,000 ಸೆಕ್ಟರ್. ಮೊದಲ ಸೆಷನ್ ಮುಚ್ಚಿ ಎರಡನೆಯದು ಶುರುವಾಗೋಕೆ ನಡುವೆ 11,400 ಸೆಕ್ಟರ್, ಅಂದರೆ ಸುಮಾರು 22 ಎಂ.ಬಿ. ಹೋಗುತ್ತೆ. ಆಮೇಲಿನ ಪ್ರತಿ ಸೆಷನ್‌ಗೆ 6,900 ಸೆಕ್ಟರ್, ಸುಮಾರು 13 ಎಂ.ಬಿ. ಬೆಳಕಿಗೆ ಹಿಡಿದಾಗ ಕಂಡ ಉಂಗುರಗಳು ಇವೇ.

ಇನ್ನು ಫೈಲುಗಳ ವಿಷಯ. ಸಿ.ಡಿ.ಯ ಮೇಲೆ ಫೈಲ್‌ಗಳನ್ನು ಜೋಡಿಸೋ ಪದ್ಧತಿಗೆ ಐ.ಎಸ್.ಓ. 9660 ಅಂತ ಹೆಸರು, 1988ರ ಮಾನದಂಡ. ಸೆಷನ್ನಿನ ಮೊದಲ 16 ಸೆಕ್ಟರ್ ಬಿಟ್ಟು ಅದರ ಮುಂದಿನದರಲ್ಲಿ ಒಂದು ಗುರುತಿನ ಚೀಟಿ ಇರುತ್ತೆ. ಅದರಲ್ಲಿ ಸಿ, ಡಿ, ಸೊನ್ನೆ, ಸೊನ್ನೆ, ಒಂದು ಅನ್ನೋ ಐದು ಅಕ್ಷರ, ಡಿಸ್ಕಿನ ಹೆಸರು, ಬರೆದ ದಿನಾಂಕ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮೂಲ ಫೋಲ್ಡರ್ ಯಾವ ಸೆಕ್ಟರ್‌ನಲ್ಲಿದೆ ಅನ್ನೋ ವಿಳಾಸ. ತಮಾಷೆ ಅಂದರೆ ಇಂಥ ಸಂಖ್ಯೆಗಳನ್ನು ಎರಡೆರಡು ಸಲ ಬರೆದಿರ್ತಾರೆ. ಇಂಟೆಲ್ ಚಿಪ್ ಓದೋ ಕ್ರಮದಲ್ಲಿ ಒಮ್ಮೆ, ಅದಕ್ಕೆ ಉಲ್ಟಾ ಓದೋ ಚಿಪ್‌ಗಳಿಗಾಗಿ ಇನ್ನೊಮ್ಮೆ. ಬೆಳಗಾವಿಯ ಅಂಗಡಿ ಬೋರ್ಡಿನ ಹಾಗೆ, ಕನ್ನಡದವರಿಗೂ ಸೈ, ಮರಾಠಿಯವರಿಗೂ ಸೈ.

ಸಿ.ಡಿ. ಹಾಕಿದಾಗ ಕಂಪ್ಯೂಟರ್ ಮಾಡೋ ಕೆಲಸಕ್ಕೆ ಮೌಂಟ್ ಮಾಡೋದು ಅಂತಾರೆ. ತೋಟದವರ ಮಾತಿನಲ್ಲಿ ಹೇಳೋದಾದರೆ ಕಸಿ ಕಟ್ಟೋದು. ಡಿಸ್ಕಿನೊಳಗಿನ ಫೋಲ್ಡರ್‌ಗಳ ಮರವನ್ನು ತಂದು ನಮ್ಮ ಕಂಪ್ಯೂಟರಿನ ಮರಕ್ಕೆ ಜೋಡಿಸೋದು. ಮೂರು ಸೆಷನ್ ಇದ್ದರೆ ಮೂರು ಗುರುತಿನ ಚೀಟಿ, ಮೂರು ಮರ. ಯಾವುದನ್ನು ಕಸಿ ಕಟ್ಟಬೇಕು?

ಉತ್ತರ: ಕೊನೆಯದನ್ನು. ಆಪರೇಟಿಂಗ್ ಸಿಸ್ಟಮ್ ಡ್ರೈವನ್ನು ಕೇಳುತ್ತೆ, "ಕೊನೆಯ ಪೂರ್ಣ ಸೆಷನ್ ಎಲ್ಲಿ ಶುರು?" ಡ್ರೈವ್ ಒಂದು ಸಂಖ್ಯೆ ಕೊಡುತ್ತೆ. ಅದಕ್ಕೆ 16 ಕೂಡಿಸಿ, ಅಲ್ಲಿಂದ ಗುರುತಿನ ಚೀಟಿ ಹುಡುಕಿ ಓದಿ, ಆ ಮರವನ್ನು ನಮ್ಮ ಮುಂದೆ ಇಡುತ್ತೆ. ಲಿನಕ್ಸಿನ ಒಳಗೆ ಇದಕ್ಕೇ ಒಂದು ಪುಟ್ಟ ಫಂಕ್ಷನ್ ಇದೆ, ಹೆಸರೇ 'ಗೆಟ್ ಲಾಸ್ಟ್ ಸೆಷನ್'. ಹಿಂದಿನ ಸೆಷನ್‌ಗಳಲ್ಲಿ ಏನಿದೆ ಅಂತ ಅದು ತಿರುಗಿ ನೋಡಲ್ಲ.

ಇದು ದಡ್ಡತನ ಅಂತ ಅಂದ್ಕೋಬೇಡಿ. ಇದರ ಹಿಂದೆ ಒಂದು ಲೆಕ್ಕಾಚಾರ ಇದೆ. ಅದು ಅರ್ಥ ಆಗೋಕೆ ನಮ್ಮಪ್ಪನ ಕಿರ್ದಿ ಪುಸ್ತಕ ನೆನೆದರೆ ಸಾಕು.

ಅಪ್ಪ ಗದಗದ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಕಿರ್ದಿಯಲ್ಲಿ ಬರೆದದ್ದನ್ನು ಅಳಿಸೋ ಹಾಗಿಲ್ಲ. ಪ್ರತಿ ದಿನದ ಪುಟದ ಮೊದಲ ಸಾಲು 'ಹಿಂದಿನ ಶಿಲ್ಕು'. ನಿನ್ನೆ ಉಳಿದದ್ದನ್ನು ಇವತ್ತಿನ ಪುಟದ ತಲೆಗೆ ತಂದು, ಅದರ ಕೆಳಗೆ ಇವತ್ತಿನ ಜಮಾ-ಖರ್ಚು. ಹೀಗಿದ್ದಾಗ ಮಾಲೀಕ ಕೊನೆಯ ಪುಟ ಒಂದನ್ನೇ ನೋಡಿದರೂ ತಿಜೋರಿಯಲ್ಲಿ ಎಷ್ಟಿದೆ ಅಂತ ಗೊತ್ತಾಗುತ್ತೆ, ಹಿಂದಿನ ಮುನ್ನೂರು ಪುಟ ತಿರುವಬೇಕಿಲ್ಲ.

ಸಿ.ಡಿ.ಯಲ್ಲೂ ಇದೇ ಪದ್ಧತಿ. ಫೋಲ್ಡರಿನ ಪಟ್ಟಿಯಲ್ಲಿ ಪ್ರತಿ ಫೈಲಿನ ಮುಂದೆ ಅದು ಇರೋ ಸೆಕ್ಟರ್ ಸಂಖ್ಯೆ ಇರುತ್ತೆ. ಆ ಸಂಖ್ಯೆಯನ್ನು ಎಣಿಸೋದು ಇಡೀ ಡಿಸ್ಕಿನ ಆರಂಭದಿಂದ, ಆ ಸೆಷನ್ನಿನ ಆರಂಭದಿಂದ ಅಲ್ಲ. ಹಾಗಾಗಿ ಎರಡನೇ ಸೆಷನ್ನಿನ ಪಟ್ಟಿ ಮೊದಲ ಸೆಷನ್ನಿನ ಫೈಲುಗಳತ್ತಲೂ ಬೆರಳು ತೋರಿಸಬಹುದು. ಹೊಸ ಸೆಷನ್ ಬರೆಯುವಾಗ ಪ್ರೋಗ್ರಾಂ ಮೊದಲು ಹಳೇ ಪಟ್ಟಿ ಓದಿಕೊಂಡು, ಅದನ್ನೂ ಹೊಸ ಫೈಲುಗಳನ್ನೂ ಸೇರಿಸಿ ಹೊಸ ಪಟ್ಟಿ ಬರೆಯುತ್ತೆ. ಹಳೇ ಫೋಟೊಗಳನ್ನು ಮತ್ತೆ ಬರೆಯೋದಿಲ್ಲ, ವಿಳಾಸ ಮಾತ್ರ ನಕಲು. ಆಗ ಕೊನೆಯ ಸೆಷನ್ ನೋಡಿದರೆ ಎಲ್ಲ ಕಾಣುತ್ತೆ.

ಶಿಲ್ಕು ತರದೆ ಹೊಸ ಪುಟ ಶುರು ಮಾಡಿದರೆ? ದುಡ್ಡು ತಿಜೋರಿಯಲ್ಲೇ ಇರುತ್ತೆ. ಪುಸ್ತಕ ಮಾತ್ರ ಸೊನ್ನೆ ಅನ್ನುತ್ತೆ.

ಅಕ್ಕನ ಸಿ.ಡಿ.ಯಲ್ಲಿ ಆದದ್ದು ಇದೇ. ಆ ಕಾಲದ ಸಿ.ಡಿ. ಬರೆಯೋ ಪ್ರೋಗ್ರಾಂಗಳಲ್ಲಿ ಹೊಸ ಮಲ್ಟಿಸೆಷನ್ ಶುರು ಮಾಡೋದು, ಹಳೆಯದನ್ನು ಮುಂದುವರಿಸೋದು ಅಂತ ಎರಡು ಬೇರೆ ಆಯ್ಕೆ ಇರ್ತಿದ್ದವು. ಎರಡು ಸಲವೂ 'ಶುರು ಮಾಡು' ಒತ್ತಿದ್ದಾರೆ. ನಾನು ಪುಣೆಗೆ ಬಂದಾಗ ಗದಗದ ರೇಷನ್ ಕಾರ್ಡಿನಿಂದ ನನ್ನ ಹೆಸರು ತೆಗೆದರಲ್ಲ, ಹಾಗೆ. ಪಟ್ಟಿಯಲ್ಲಿ ಇಲ್ಲ ಅಷ್ಟೇ, ಮನುಷ್ಯ ಗಟ್ಟಿಯಾಗಿಯೇ ಇದ್ದಾನೆ.

ಹಾಗಾದರೆ ಹಳೇ ಪುಟ ನೋಡೋದು ಹೇಗೆ? ಇದು ಒಂದೊಂದು ಆಪರೇಟಿಂಗ್ ಸಿಸ್ಟಮ್‌ಗೆ ಒಂದೊಂದು ಥರ. ವಿಂಡೋಸ್ ಸಾಮಾನ್ಯವಾಗಿ ಕೊನೆಯ ಸೆಷನ್ ತೋರಿಸಿ ಸುಮ್ಮನಾಗುತ್ತೆ. ಅದರಲ್ಲಿ ಹಳೆಯದು ಬೇಕಾದರೆ ಐಸೋಬಸ್ಟರ್‌ನಂಥ ಬೇರೆ ಪ್ರೋಗ್ರಾಂ ಹಾಕ್ಕೋಬೇಕು, ಅದು ಎಲ್ಲ ಸೆಷನ್ನುಗಳನ್ನೂ ಸಾಲಾಗಿ ಪಟ್ಟಿ ಮಾಡಿ ತೋರಿಸುತ್ತೆ. ಮ್ಯಾಕ್‌ನವರ ರೀತಿ ಬೇರೆ. ಮ್ಯಾಕ್‌ನಲ್ಲೇ ಬರೆದ ಮಲ್ಟಿಸೆಷನ್ ಸಿ.ಡಿ. ಹಾಕಿದರೆ ಪ್ರತಿ ಸೆಷನ್ನೂ ಬೇರೆ ಬೇರೆ ಡಿಸ್ಕಿನ ಹಾಗೆ ಡೆಸ್ಕ್‌ಟಾಪಿನಲ್ಲಿ ಬಂದು ಕೂರುತ್ತೆ. ಲಿನಕ್ಸ್ ಕೇಳದಿದ್ದರೆ ಕೊನೆಯದು ಕೊಡುತ್ತೆ, ಕೇಳಿದರೆ ಬೇಕಾದ್ದು ಕೊಡುತ್ತೆ. ಅದರ ಮೌಂಟ್ ಆಜ್ಞೆಯಲ್ಲಿ 'ಎಸ್‌ಬಿಸೆಕ್ಟರ್' ಅಂತ ಒಂದು ಆಯ್ಕೆ ಇದೆ. ಸೆಷನ್ ಇಂಥ ಸೆಕ್ಟರ್‌ನಿಂದ ಶುರು ಅಂತ ನಾವೇ ಹೇಳಬಹುದು. ಹಾಡು ಕೇಳಿಸೋ ಹಳೇ ಸಿ.ಡಿ. ಪ್ಲೇಯರ್‌ಗೆ ಮೊದಲ ಸೆಷನ್ ಬಿಟ್ಟರೆ ಬೇರೆ ಪ್ರಪಂಚವೇ ಇಲ್ಲ. 1995ರ ಸುಮಾರಿಗೆ ಬಂದ ಸಿ.ಡಿ. ಎಕ್ಸ್‌ಟ್ರಾ ಇದನ್ನೇ ಬಳಸಿಕೊಂಡಿತು. ಮೊದಲ ಸೆಷನ್‌ನಲ್ಲಿ ಹಾಡು, ಎರಡನೆಯದರಲ್ಲಿ ಕಂಪ್ಯೂಟರ್ ಫೈಲು. ಪ್ಲೇಯರ್ ಹಾಡು ನೋಡುತ್ತೆ, ಕಂಪ್ಯೂಟರ್ ಕೊನೆಯದನ್ನು ನೋಡುತ್ತೆ, ಇಬ್ಬರಿಗೂ ಜಗಳವಿಲ್ಲ.

ಈ ಕೊನೆಯದನ್ನೇ ನೋಡೋ ಅಭ್ಯಾಸವನ್ನು ಕಂಪ್ಯೂಟರಿನ ವಿರುದ್ಧವೇ ತಿರುಗಿಸಿದ್ದೂ ಉಂಟು. ಸೋನಿಯ 'ಕೀ-ಟು-ಆಡಿಯೋ' ಅನ್ನೋ ನಕಲು-ತಡೆಯಲ್ಲಿ ಹಾಡುಗಳ ಆಚೆ, ಹೊರ ಅಂಚಿನ ಹತ್ತಿರ ಒಂದು ಸುಳ್ಳು ಡೇಟಾ ಟ್ರ್ಯಾಕ್ ಇಟ್ಟಿದ್ದರು. ಪ್ಲೇಯರ್‌ಗೆ ಅದು ಕಾಣಲ್ಲ. ಕಂಪ್ಯೂಟರ್ ಮಾತ್ರ ನೇರ ಅಲ್ಲಿಗೇ ಹೋಗಿ ಮುಗ್ಗರಿಸುತ್ತೆ. ಯುರೋಪಿನಲ್ಲಿ ಬಂದ ಸೆಲೀನ್ ಡಿಯಾನ್ ಆಲ್ಬಂಗೂ ಇದನ್ನು ಹಾಕಿದ್ದರು. 2002ರ ಮೇ ತಿಂಗಳಲ್ಲಿ ಸುದ್ದಿ ಹರಡಿತು: ಮಾರ್ಕರ್ ಪೆನ್ ತಗೊಂಡು ಆ ಅಂಚಿಗೆ ಕಪ್ಪು ಬಳಿದರೆ ಸಾಕು, ಸುಳ್ಳು ಟ್ರ್ಯಾಕ್ ಮುಚ್ಚಿಹೋಗಿ ಕಂಪ್ಯೂಟರ್ ಹಾಡುಗಳತ್ತ ವಾಪಸ್ ಬರುತ್ತೆ!

ಸರಿ, ಅಕ್ಕನ ಸಿ.ಡಿ.ಗೆ ಬರ್ತೀನಿ. ಅಪ್ಪಾ ಬಳವಂತ ಚೌಕದ ಹತ್ತಿರ ಒಂದು ಅಂಗಡಿಯಿಂದ ಯು.ಎಸ್.ಬಿ. ಡಿವಿಡಿ ಡ್ರೈವ್ ತಂದೆ. ಲಿನಕ್ಸಿನಲ್ಲಿ ಮೊದಲು ಡಿಸ್ಕಿನ ವಿಷಯಸೂಚಿ ಓದಿಸಿದೆ. ಮೂರು ಸಾಲು ಬಂತು. ಮೊದಲನೆಯದು 0ಯಿಂದ, ಎರಡನೆಯದು 1,03,250ರಿಂದ, ಮೂರನೆಯದು 1,87,412ರಿಂದ. ನಡುವಿನ ಖಾಲಿ ಸೆಕ್ಟರ್ ಕಳೆದರೆ ಮೊದಲ ಸೆಷನ್ ಸುಮಾರು 180 ಎಂ.ಬಿ., ಎರಡನೆಯದು 150. ಅಂದರೆ ಏನೋ ಇದೆ, ಒಂದೆರಡು ಫೋಟೊ ಅಲ್ಲ, ಗಂಟೇ ಇದೆ.

ಮೌಂಟ್ ಮಾಡೋಕೆ ಮುಂಚೆ ಇಡೀ ಡಿಸ್ಕನ್ನು ಡಿಡಿ-ರೆಸ್ಕ್ಯೂ ಅನ್ನೋ ಪ್ರೋಗ್ರಾಂನಿಂದ ಒಂದು ಫೈಲಾಗಿ ನಕಲು ಮಾಡಿಕೊಂಡೆ. ಇಪ್ಪತ್ತು ವರ್ಷದ ಸಿ.ಡಿ., ಎಷ್ಟು ಸಲ ತಿರುಗುತ್ತೋ ಹೇಳೋಕಾಗಲ್ಲ. ಆ ಪ್ರೋಗ್ರಾಂ ಓದೋಕಾಗದ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತೆ, ಆಮೇಲೆ ಬಂದು ಮತ್ತೆ ಮತ್ತೆ ಪ್ರಯತ್ನಿಸುತ್ತೆ. ಉಂಗುರಗಳ ಜಾಗ ಓದೋಕೆ ಬರಲ್ಲ, ಅಲ್ಲೆಲ್ಲ ಸೊನ್ನೆ ತುಂಬಿರುತ್ತೆ. ಆ ಸೊನ್ನೆಗಳು ಇರಲೇಬೇಕು. ಒಂದು ಸೆಷನ್ನನ್ನು ಮಾತ್ರ ಕತ್ತರಿಸಿ ಬೇರೆ ಫೈಲು ಮಾಡಿದರೆ ಪಟ್ಟಿಯಲ್ಲಿರೋ ವಿಳಾಸಗಳೆಲ್ಲ ತಪ್ಪುತ್ತವೆ, ಯಾಕಂದರೆ ಎಣಿಕೆ ಡಿಸ್ಕಿನ ಆರಂಭದಿಂದ ಅಂತ ಆಗಲೇ ಹೇಳಿದೆನಲ್ಲ.

ಆಮೇಲೆ ಎಸ್‌ಬಿಸೆಕ್ಟರ್ 1,03,250 ಅಂತ ಕೊಟ್ಟೆ. ತೊಟ್ಟಿಲು ಬಂತು. ಅಕ್ಕ ಹಿಂದೆ ನಿಂತು ನೋಡ್ತಿದ್ದಳು, ಏನೂ ಮಾತಾಡಲಿಲ್ಲ. ನಂತರ 0 ಅಂತ ಕೊಟ್ಟೆ.

ನೂರಾ ಹದಿನೆಂಟು ಫೋಟೊ, ಎರಡು ವಿಡಿಯೋ. ಮೂರು ಫೋಟೊ ಅರ್ಧಕ್ಕೆ ನಿಂತು ಕೆಳಗೆ ಬರೀ ಬೂದು ಬಣ್ಣ. ಉಳಿದದ್ದೆಲ್ಲ ಸರಿಯಾಗಿತ್ತು. ಎಲ್ಲಕ್ಕಿಂತ ಹಳೆಯದೇ ಡಿಸ್ಕಿನ ಎಲ್ಲಕ್ಕಿಂತ ಒಳಗೆ ಇರೋದ್ರಿಂದ ಒಂದು ಅನುಕೂಲ ಆಗಿರಬೇಕು, ನಮ್ಮ ಬೆರಳು ತಾಗೋದೆಲ್ಲ ಹೊರ ಅಂಚಿಗೆ.

ಎರಡನೇ ವಿಡಿಯೋ ನಲವತ್ತು ಸೆಕೆಂಡಿನದು. ಅಪ್ಪ ಹೊಸ ಶಲ್ಯ ಹೊದ್ದು ಜಗಲಿ ಮೇಲೆ ಕೂತಿದ್ದಾರೆ. ಭಾವ ಹಿಂದಿನಿಂದ "ಏನರ ಮಾತಾಡ್ರಿ ಮಾವಾ" ಅಂತಾರೆ. ಅಪ್ಪ ಕ್ಯಾಮೆರಾವನ್ನೇ ನೋಡ್ತಾ, "ಇದು ಚಾಲೂ ಅದ ಏನು? ಫೋಟೋ ಅಲ್ಲೇನು ಇದು? ನಾ ಏನ್ ಮಾತಾಡ್ಲಿ ಇದರಾಗ" ಅಂತ ನಕ್ಕು, ಆಮೇಲೆ, "ಸಣ್ಣಾಂವ ಬಂದಿಲ್ಲ, ಅವಗ ತೋರಸ್ರಿ ಇದನ್ನ" ಅಂತಾರೆ. ಅಷ್ಟರಲ್ಲಿ ಮುಗಿಯುತ್ತೆ. ಆ ಸಣ್ಣಾಂವ ನಾನು. ಶಾಂತಿಯ ಫೋಟೊಗಳನ್ನು ಊರಿಗೆ ಹೋದಾಗ ಒಮ್ಮೆ ನೋಡಿದ್ದೆ, ಈ ವಿಡಿಯೋವನ್ನು ಯಾರೂ ನನಗೆ ತೋರಿಸಿರಲಿಲ್ಲ. ಅಪ್ಪನ ಧ್ವನಿ ಕೇಳಿ ಹದಿನೇಳು ವರ್ಷ ಆಗಿತ್ತು.

ಅಕ್ಕ ಕಣ್ಣೊರೆಸಿಕೊಂಡು ಕೇಳಿದ ಮೊದಲ ಪ್ರಶ್ನೆ: "ಹಂಗಾರ ಅಂವ ಅಳಿಸಿರಲಿಲ್ಲೇನು?" ಇಲ್ಲ ಅಂದೆ. ಊರಿಗೆ ಹೋದ ಮೇಲೆ ಅಂಗಡಿ ಹುಡುಕಿಕೊಂಡು ಹೋದಳಂತೆ. ಈಗ ಅಲ್ಲಿ ಮೊಬೈಲ್ ರಿಪೇರಿ ನಡೆಯುತ್ತೆ, ಸ್ಟುಡಿಯೋದವರ ಮಗ ಕೂರ್ತಾನೆ. ಅವನಿಗೆ ಇಡೀ ಕಥೆ ಹೇಳಿ, "ನಿಮ್ಮ ಅಪ್ಪಗ ಹೇಳಪಾ, ಗದಿಗೆಪ್ಪನ ಓಣಿ ಅಕ್ಕಾವ್ರು ಬಂದಿದ್ರು, ಫೋಟೋ ಸಿಕ್ಕಾವ ಅಂತ" ಅಂದು ಬಂದಿದ್ದಾಳೆ. ಅವನಿಗೆ ತಲೆಬುಡ ಅರ್ಥ ಆಗಿರಲಿಕ್ಕಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡ್ತೀನಿ. ಶಿಲ್ಕು ತಂದು ಸರಿಯಾಗಿ ಬರೆದ ಸಿ.ಡಿ.ಯಲ್ಲೂ, ಒಂದು ಫೈಲನ್ನು 'ಡಿಲೀಟ್' ಮಾಡಿದರೆ ಹೊಸ ಪಟ್ಟಿಯಿಂದ ಅದರ ಹೆಸರು ಬಿಡ್ತಾರೆ ಅಷ್ಟೇ. ಅದೇ ಹೆಸರಿನ ಹೊಸ ಫೈಲು ಹಾಕಿದರೆ ಹಳೆಯದು ಹಿಂದೆ ಸರಿಯುತ್ತೆ ಅಷ್ಟೇ. ಎರಡೂ ಡಿಸ್ಕಿನ ಮೇಲೆ ಇದ್ದೇ ಇರುತ್ತವೆ. ಪ್ಯಾನ್ ಕಾರ್ಡು, ಪಾಸ್‌ಪೋರ್ಟು, ಸಂಬಳದ ಚೀಟಿ ಸ್ಕ್ಯಾನ್ ಮಾಡಿ ಇಟ್ಟಿದ್ದ ಸಿ.ಡಿ.ಯಲ್ಲಿ ಈಗ ಭಜನೆ ಹಾಡು ಮಾತ್ರ ಕಾಣ್ತಿದೆ ಅಂತ ಯಾರಿಗಾದರೂ ಕೊಟ್ಟರೆ, ನನ್ನ ಹಾಗೆ ಸೊನ್ನೆ ಅಂತ ಒತ್ತೋರು ಅವರಲ್ಲೂ ಇರಬಹುದು.

ಹಾಗಾಗಿ ಡಬ್ಬಿ ಕೆಳಗಿಳಿಸಿ, ಭಂಗಾರವಾಲಾಗೆ ಹಾಕೋಕೆ ಮುಂಚೆ ಒಂದು ಮಧ್ಯಾಹ್ನ ಕೊಡಿ. ಒಂದೊಂದೇ ಸಿ.ಡಿ. ತಿರುಗಿಸಿ ಬೆಳಕಿಗೆ ಹಿಡೀರಿ. ಬರೆದ ಜಾಗದ ನಡುವೆ ಉಂಗುರ ಕಂಡರೆ, ಅಥವಾ ಕಾಣೋ ಫೈಲುಗಳ ಒಟ್ಟು ಗಾತ್ರಕ್ಕಿಂತ ಬರೆದ ಪಟ್ಟಿ ಎದ್ದು ಕಾಣುವಷ್ಟು ಅಗಲ ಇದ್ದರೆ, ಅದನ್ನು ಬೇರೆ ಎತ್ತಿಡಿ. ಡ್ರೈವ್ ಇರೋ ಗೆಳೆಯರನ್ನು ಹುಡುಕಿ, ಮೊದಲು ಪೂರ್ತಿ ನಕಲು ತೆಗೆಸಿ, ಆಮೇಲೆ ಒಂದೊಂದೇ ಸೆಷನ್ ನೋಡಿ. ಬಣ್ಣದ ಪದರ ವರ್ಷ ಕಳೆದಂತೆ ಮಾಸುತ್ತೆ, ಡ್ರೈವುಗಳೂ ಅಂಗಡಿಯಲ್ಲಿ ಕಡಿಮೆ ಆಗ್ತಿವೆ. ಕೋಥ್ರೂಡ್ ಕಡೆ ಇರೋರು ಬೇಕಾದರೆ ನನ್ನ ಡ್ರೈವ್ ಒಯ್ಯಬಹುದು. ವಾಪಸ್ ತರುವಾಗ ಚಟ್ನಿಪುಡಿ ತಂದರೆ ಬೇಡ ಅನ್ನಲ್ಲ.